ಹಳ್ಳಿಗೆ ಬೆಳಕು ತರುವಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಪಾತ್ರವೇನು?

ಪ್ರಶ್ನೆ (ವಿದ್ಯಾರ್ಥಿನಿ, ಬಸವನಗುಡಿ):
ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ನಮ್ಮ ಬೆಂಗಳೂರಿಗೂ ಬಂತು. ಆದರೆ ಸುತ್ತಲಿನ ಎಷ್ಟೋ ಹಳ್ಳಿಗಳು ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಉಳಿದವು. ಕಂಬ ನೆಟ್ಟು ತಂತಿ ಎಳೆಯುವುದರಾಚೆಗೆ ಎಂಜಿನಿಯರ್ ಮಾಡುವ ಕೆಲಸವೇನೆಂದು ಹಿರಿಯರು ದಯವಿಟ್ಟು ತಿಳಿಸಬೇಕು.

ಉತ್ತರ (ನಿವೃತ್ತ ಎಂಜಿನಿಯರ್, ಜಯನಗರ):
ತಂತಿಯಲ್ಲಿ ಆಗುವ ನಷ್ಟವು ಕರೆಂಟಿನ ವರ್ಗಕ್ಕೆ ಅನುಗುಣವಾಗಿರುತ್ತದೆ, ಅಂದರೆ ಕರೆಂಟು ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ವೋಲ್ಟೇಜ್ ಹೆಚ್ಚಿದ್ದರೆ ಅಷ್ಟೇ ವಿದ್ಯುತ್ತಿಗೆ ಕಡಿಮೆ ಕರೆಂಟು ಸಾಕಾಗುವುದರಿಂದ, 11 ಕೆ.ವಿ. (11,000 ವೋಲ್ಟ್) ಮಾರ್ಗವನ್ನು ಮನೆಗಳ ಸಮೀಪದವರೆಗೂ ಒಯ್ದು, ವೋಲ್ಟೇಜನ್ನು ಮನೆಬಳಕೆಗೆ ಇಳಿಸುವ ಟ್ರಾನ್ಸ್‌ಫಾರ್ಮರನ್ನು, ಅಂದರೆ ಟಿ.ಸಿ.ಯನ್ನು, ಬಳಕೆಯ ನಡುಮಧ್ಯದಲ್ಲಿ ಕೂರಿಸುವುದೇ ನಮ್ಮ ಮುಖ್ಯ ಲೆಕ್ಕಾಚಾರ. ಟಿ.ಸಿ. ದೂರವಿದ್ದ ಒಂದು ಹಟ್ಟಿಯ ಕೊನೆಯ ಮನೆಯಲ್ಲಿ ಸಂಜೆ ಏಳಕ್ಕೆ ಮೀಟರ್ ಹಿಡಿದಾಗ 230ರ ಬದಲು 160 ವೋಲ್ಟ್ ತೋರಿಸಿತ್ತು. ಬಲ್ಬಿನೊಳಗಿನ ಎಳೆ ಬರೀ ಕೆಂಪಗೆ ಕಾಣುತ್ತಿತ್ತು. ಟಿ.ಸಿ. ಹತ್ತಿರಕ್ಕೆ ಬಂದ ದಿನ ಆ ಮನೆಯ ಅಜ್ಜಿ ದೀಪದಡಿ ಕುಳಿತು ಅಕ್ಕಿಯಲ್ಲಿ ಕಲ್ಲು ಆರಿಸಿದ್ದನ್ನು ನಾನು ಇಂದಿಗೂ ಮರೆತಿಲ್ಲ.

ಉತ್ತರ (ಉಪನ್ಯಾಸಕ, ಮಲ್ಲೇಶ್ವರ):
ಸರ್ ಹೇಳಿದ್ದರ ಜೊತೆಗೆ ಫೀಡರ್ (ಉಪಕೇಂದ್ರದಿಂದ ಊರಿಗೆ ವಿದ್ಯುತ್ ತರುವ ಮಾರ್ಗ) ಬೇರ್ಪಡಿಸಿದ್ದನ್ನೂ ನೆನೆಯಬೇಕು. ಪಂಪ್‌ಸೆಟ್ಟಿಗೂ ಮನೆಗೂ ಒಂದೇ ಮಾರ್ಗವಿದ್ದಾಗ ಪಂಪಿನ ಸರಬರಾಜು ನಿಲ್ಲಿಸಿದರೆ ಊರೇ ಕತ್ತಲಾಗುತ್ತಿತ್ತು. ರಾಜ್ಯ ಸರ್ಕಾರದ ನಿರಂತರ ಜ್ಯೋತಿ ಯೋಜನೆ ಅವೆರಡನ್ನೂ ಬೇರೆ ಮಾಡಿತು. ತಂತಿ ತಲುಪದ ಕಾಡಂಚಿನ ಮನೆಗಳಿಗೆ ಬೇರೆಯದೇ ದಾರಿ ಬೇಕಿತ್ತು. ಬೆಂಗಳೂರಿನಲ್ಲಿ 1995ರಲ್ಲಿ ಸೌರದೀಪದ ಕಂಪನಿ ಸೆಲ್ಕೋ ಕಟ್ಟಿ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಎಂಜಿನಿಯರ್ ಹರೀಶ್ ಹಂದೆ ಅವರು, ಬಡವರ ದುಡಿಮೆಗೆ ಹೊಂದುವ ಬ್ಯಾಂಕ್ ಸಾಲದ ಕಂತನ್ನೂ ಸೌರದೀಪದ ವಿನ್ಯಾಸದಷ್ಟೇ ಮುಖ್ಯವೆಂದು ಕಂಡರು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ನನ್ನ ಪ್ರಾಜೆಕ್ಟಿಗೆ ಟಿ.ಸಿ. ಇಡುವ ಜಾಗದ ಲೆಕ್ಕವನ್ನೇ ಆರಿಸಿಕೊಳ್ಳುತ್ತೇನೆ.