ಖಾಸಗಿ ಆರೋಗ್ಯ ವಿಮೆಯೋ, ಸರ್ಕಾರಿ ವ್ಯವಸ್ಥೆಯೋ: ಹೋಲಿಸುವಾಗ ಏನೇನು ನೋಡಬೇಕು?

ಪ್ರಶ್ನೆ (ಟಿಪ್ಪಣಿಕಾರ):
ಖಾಸಗಿ ವಿಮೆಯನ್ನೂ ಸರ್ಕಾರ ನಡೆಸುವ ಆರೋಗ್ಯ ವ್ಯವಸ್ಥೆಯನ್ನೂ ಹೋಲಿಸಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಎಲ್ಲಿ ಓದಿದರೂ ಅವೇ ಎರಡು ಸಾಲು: ಖಾಸಗಿಯಲ್ಲಿ ದುಡ್ಡು ಜಾಸ್ತಿ, ಕೆಲಸ ಬೇಗ, ಸರ್ಕಾರಿಯಲ್ಲಿ ದುಡ್ಡಿಲ್ಲ, ಕಾಯಬೇಕು. ಇಷ್ಟೇನಾ? ಬ್ರಿಟನ್, ಜರ್ಮನಿ, ಸ್ವಿಟ್ಜರ್ಲೆಂಡ್, ಅಮೆರಿಕ ಇವನ್ನು ಯಾವ ಗುಂಪಿಗೆ ಸೇರಿಸಬೇಕು ಅನ್ನೋದೇ ಗೊತ್ತಾಗುತ್ತಿಲ್ಲ. ಕಟ್ಟುವ ಪ್ರೀಮಿಯಂ ಎಷ್ಟು, ತೆರಿಗೆ ಎಷ್ಟು ಅಂತ ನೋಡಿದರೆ ಸಾಕಾ? ತಿಳಿದವರು ಹೇಳಿ.

ಕಡತ:
ಎರಡೇ ಗುಂಪು ಮಾಡಹೊರಟರೆ ಗೊಂದಲ ತಪ್ಪದು. ಪ್ರತಿ ದೇಶಕ್ಕೂ ಮೂರು ಪ್ರಶ್ನೆ ಕೇಳಿ: ದುಡ್ಡು ಕೂಡಿಸುವವರು ಯಾರು, ಬಿಲ್ ಕಟ್ಟುವವರು ಯಾರು, ಆಸ್ಪತ್ರೆ ಯಾರದ್ದು.

1948ರಲ್ಲಿ ಶುರುವಾದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್‌ನಲ್ಲಿ ಮೂರಕ್ಕೂ ಬಹುಮಟ್ಟಿಗೆ ಉತ್ತರ ಸರ್ಕಾರವೇ. ಅಲ್ಲೂ ಜಿಪಿ (ರೋಗಿ ಮೊದಲು ಕಾಣುವ ಸಾಮಾನ್ಯ ವೈದ್ಯರು) ಕ್ಲಿನಿಕ್‌ಗಳು ಹೆಚ್ಚಾಗಿ ಒಪ್ಪಂದದ ಮೇಲೆ ಕೆಲಸ ಮಾಡುವ ಸ್ವತಂತ್ರ ವೈದ್ಯರವು. ಕೆನಡಾದಲ್ಲಿ ದುಡ್ಡು ತೆರಿಗೆಯದ್ದು, ಬಿಲ್ ಪ್ರಾಂತ್ಯ ಸರ್ಕಾರದ್ದು, ವೈದ್ಯರು ಬಹುತೇಕ ಸ್ವತಂತ್ರರು. ಜರ್ಮನಿಯದ್ದು ಅಲ್ಲಿನ ಚಾನ್ಸಲರ್ ಆಗಿದ್ದ ಬಿಸ್ಮಾರ್ಕ್ ಕಾಲದ, 1883ರ ಕಾನೂನಿನಿಂದ ಬೆಳೆದುಬಂದ ಪದ್ಧತಿ: ಸಂಬಳದ ಒಂದು ಪಾಲನ್ನು ನೌಕರ ಮತ್ತು ಮಾಲೀಕ ಹಂಚಿಕೊಂಡು ಕಟ್ಟುತ್ತಾರೆ. ಅದು ಹೋಗುವುದು ಆರೋಗ್ಯ ನಿಧಿಗಳಿಗೆ. ಅವು ಸರ್ಕಾರಿ ಇಲಾಖೆಯೂ ಅಲ್ಲ, ಲಾಭದ ಕಂಪನಿಯೂ ಅಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1996ರಿಂದ ಎಲ್ಲರೂ ಮೂಲ ವಿಮೆ ಕೊಳ್ಳಲೇಬೇಕು. ಮಾರುವವರು ಖಾಸಗಿಯವರೇ, ಆದರೆ ಯಾರನ್ನೂ ಬೇಡ ಅನ್ನುವಂತಿಲ್ಲ, ಮೂಲ ವಿಮೆಯಲ್ಲಿ ಲಾಭ ತೆಗೆಯುವಂತಿಲ್ಲ.

ಅಮೆರಿಕವನ್ನಂತೂ ಒಂದು ಗುಂಪಿಗೆ ಹಾಕಲೇಬೇಡಿ. 65 ದಾಟಿದವರಿಗೆ 1965ರಲ್ಲಿ ಬಂದ ಮೆಡಿಕೇರ್ ಹೆಚ್ಚುಕಡಿಮೆ ಕೆನಡಾ ಮಾದರಿ. ಮಾಜಿ ಸೈನಿಕರ ಆಸ್ಪತ್ರೆಗಳು ಬ್ರಿಟನ್ ಮಾದರಿ. ದುಡಿಯುವ ವಯಸ್ಸಿನ ಬಹಳಷ್ಟು ಜನರದ್ದು ಕೆಲಸದ ಮೂಲಕ ಸಿಗುವ ವಿಮೆ. ಎಲ್ಲವೂ ಒಂದೇ ದೇಶದೊಳಗೆ.

ವಿಮಾಲೆಕ್ಕ:
ಪ್ರೀಮಿಯಂ ಮತ್ತು ತೆರಿಗೆ ಪಕ್ಕಪಕ್ಕ ಇಟ್ಟರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ, ಯಾಕೆಂದರೆ ಪ್ರೀಮಿಯಂ ತಾನಾಗಿಯೇ ಏರುವ ಒಂದು ದಾರಿ ಇದೆ. ಸಣ್ಣ ಲೆಕ್ಕ ನೋಡಿ. 100 ಜನರಲ್ಲಿ 80 ಮಂದಿಗೆ ವರ್ಷದ ಚಿಕಿತ್ಸೆ ಸರಾಸರಿ 10, ಉಳಿದ 20 ಮಂದಿಗೆ 60 ಖರ್ಚು ಅಂತಿಟ್ಟುಕೊಳ್ಳಿ. ಒಟ್ಟು 2,000, ತಲೆಗೆ 20. ಕಂಪನಿ ನಡೆಸುವ ಖರ್ಚು ಅಂತ ಅದರ ಕಾಲು ಭಾಗ ಸೇರಿದರೆ ಪ್ರೀಮಿಯಂ 25. "ನನಗೆ ಬೀಳೋದು 10, ಕಟ್ಟೋದು 25, ಯಾಕೆ ಬೇಕು" ಅಂತ ಗಟ್ಟಿಮುಟ್ಟಾದ 40 ಜನ ಹೊರಗೆ ಹೋದರು. ಉಳಿದ 60 ಜನರ ಖರ್ಚು 1,600. ಪ್ರೀಮಿಯಂ 33 ದಾಟಿತು. ಈಗ ಉಳಿದ 40 ಗಟ್ಟಿಗರೂ ಹೋಗುತ್ತಾರೆ. ಕೊನೆಗೆ ಉಳಿಯುವ 20 ಮಂದಿಗೆ ಪ್ರೀಮಿಯಂ 75.

ಇದನ್ನು ತಡೆಯಲು ಕಂಪನಿ ಮೊದಲೇ ಇದ್ದ ಕಾಯಿಲೆಯವರನ್ನು ಹೊರಗಿಡುತ್ತದೆ, ಅಥವಾ ವೇಟಿಂಗ್ ಪೀರಿಯಡ್, ಅಂದರೆ ಆ ಕಾಯಿಲೆಗೆ ದುಡ್ಡು ಕೊಡದ ಆರಂಭದ ಅವಧಿ, ಹಾಕುತ್ತದೆ. ಸರ್ಕಾರ ತಡೆಯುವ ದಾರಿ ಬೇರೆ: ಎಲ್ಲರೂ ಸೇರಲೇಬೇಕು ಅನ್ನುವುದು. ತೆರಿಗೆಯಿಂದ ನಡೆಯುವ ವ್ಯವಸ್ಥೆಯಲ್ಲಿ ಹೊರಗೆ ಹೋಗುವ ಬಾಗಿಲೇ ಇಲ್ಲ, ಹಾಗಾಗಿ ಈ ಸುಳಿಯೂ ಇಲ್ಲ.

ಟಿಪ್ಪಣಿಕಾರ:
ಕಾಯಿಲೆ ಇದ್ದವರನ್ನು ಹೊರಗಿಡಬಾರದು ಅಂತಷ್ಟೇ ಕಾನೂನು ಮಾಡಿ, ಎಲ್ಲರೂ ಕೊಳ್ಳಲೇಬೇಕು ಅನ್ನದೇ ಬಿಟ್ಟರೆ?

ವಿಮಾಲೆಕ್ಕ:
ಕಾಯಿಲೆ ಬಂದ ಮೇಲೆ ಕೊಂಡರಾಯಿತು ಅಂತ ಜನ ಕಾಯುತ್ತಾರೆ. ಹಾಗಾಗಿ ತಡವಾದಷ್ಟೂ ದಂಡ ಅನ್ನುವ ಉಪಾಯ ಬಂತು. ಆಸ್ಟ್ರೇಲಿಯಾದಲ್ಲಿ 30 ದಾಟಿದ ಮೇಲೆ ಆಸ್ಪತ್ರೆ ವಿಮೆ ಕೊಂಡರೆ ತಡಮಾಡಿದ ಪ್ರತಿ ವರ್ಷಕ್ಕೆ ಪ್ರೀಮಿಯಂ 2% ಹೆಚ್ಚು, ಗರಿಷ್ಠ 70%. ಹತ್ತು ವರ್ಷ ಬಿಡದೆ ಕಟ್ಟಿದರೆ ಆ ಹೆಚ್ಚುವರಿ ತೆಗೆಯುತ್ತಾರೆ. ಜರ್ಮನಿಯ ಬಲೆ ಇದಕ್ಕಿಂತ ಬಿಗಿ: ಆದಾಯ ಒಂದು ಮಿತಿ ದಾಟಿದ ನೌಕರ ಖಾಸಗಿ ವಿಮೆಗೆ ಹೋಗಬಹುದು, ಚಿಕ್ಕ ವಯಸ್ಸಿನಲ್ಲಿ ಅಗ್ಗವೂ ಹೌದು. ಆದರೆ 55 ದಾಟಿದ ಮೇಲೆ ಸಾರ್ವಜನಿಕ ನಿಧಿಗೆ ವಾಪಸಾಗುವುದು ಬಹುತೇಕ ಅಸಾಧ್ಯ, ಪ್ರೀಮಿಯಂ ಮಾತ್ರ ಏರುತ್ತಲೇ ಇರುತ್ತದೆ.

ಬಿಲ್‌ಪರೀಕ್ಷೆ:
ಖಾಸಗಿ ಪಾಲಿಸಿಯನ್ನು ಪ್ರೀಮಿಯಂ ನೋಡಿ ಅಳೆಯುವುದು ಎಲ್ಲರೂ ಮಾಡುವ ತಪ್ಪು. ಮೂರು ಅಂಕಿ ಒಟ್ಟಿಗೆ ಓದಬೇಕು. ಡಿಡಕ್ಟಿಬಲ್, ಅಂದರೆ ಮೊದಲು ನಿಮ್ಮ ಜೇಬಿನಿಂದ ಹೋಗುವ ಮೊತ್ತ, 1,000. ಆಮೇಲಿನದರಲ್ಲಿ ನಿಮ್ಮ ಪಾಲು 20%. ವರ್ಷದ ಗರಿಷ್ಠ ಮಿತಿ 5,000 ಅಂತಿಟ್ಟುಕೊಳ್ಳಿ. ಬಿಲ್ 10,000 ಆದರೆ 1,000 ಪ್ಲಸ್ 9,000ದ 20%, ಒಟ್ಟು 2,800. ಬಿಲ್ 40,000 ಆದರೆ ಲೆಕ್ಕ 8,800 ಬರುತ್ತದೆ, ಮಿತಿ ಇರುವುದರಿಂದ 5,000ಕ್ಕೆ ನಿಲ್ಲುತ್ತದೆ. ಈ ಮೂರನೇ ಅಂಕಿ ಇಲ್ಲದ ಪಾಲಿಸಿಯಲ್ಲಿ ದೊಡ್ಡ ಕಾಯಿಲೆ ಬಂದರೆ ನಿಮ್ಮ ಪಾಲಿಗೆ ಮಿತಿಯೇ ಇಲ್ಲ.

ಇನ್ನು ಕ್ಲೇಮ್ ಬಿದ್ದುಹೋಗುವುದು ಎಲ್ಲಿ: ಕಂಪನಿಯ ಮುಂಚಿತ ಒಪ್ಪಿಗೆ ಪಡೆಯದ ಶಸ್ತ್ರಚಿಕಿತ್ಸೆ, ಅರ್ಜಿಯಲ್ಲಿ ಬರೆಯದೆ ಬಿಟ್ಟ ಹಳೆಯ ಕಾಯಿಲೆ, ಆಸ್ಪತ್ರೆ ಕಂಪನಿಯ ಒಪ್ಪಂದದ ಪಟ್ಟಿಯಲ್ಲಿದ್ದರೂ ಅರಿವಳಿಕೆ ಕೊಟ್ಟ ವೈದ್ಯರು ಪಟ್ಟಿಯಲ್ಲಿಲ್ಲದಿರುವುದು. ಕೊನೆಯದ್ದು ಅಮೆರಿಕದಲ್ಲಿ ಎಷ್ಟು ಕಾಡಿತೆಂದರೆ ಅದನ್ನು ಬಹುಮಟ್ಟಿಗೆ ತಡೆಯುವ ಕಾನೂನೇ 2022ರಿಂದ ಜಾರಿಗೆ ಬಂತು. ಅರ್ಜಿಯಲ್ಲಿ ಬಿಪಿ ಮಾತ್ರೆಯ ವಿಷಯವನ್ನೂ ಬರೆಯಿರಿ. ಪ್ರೀಮಿಯಂ ಸ್ವಲ್ಪ ಏರಬಹುದು, ಆದರೆ ಕ್ಲೇಮ್ ಹೊತ್ತಿಗೆ ಅದನ್ನೇ ಹಿಡಿದು ಎಳೆದಾಡುವುದು ತಪ್ಪುತ್ತದೆ.

ಸರದಿಸಾಲು:
ಮೇಲಿನವರು ಖಾಸಗಿಯವರನ್ನು ಚೆನ್ನಾಗಿ ಜಾಲಾಡಿಸಿದ್ದಾರೆ, ಸರ್ಕಾರಿ ಕಡೆಗೂ ಅದೇ ಕಣ್ಣು ಬೇಕು. ಹೊರಹೋಗುವ ಬಾಗಿಲಿಲ್ಲ ಅಂದಮಾತ್ರಕ್ಕೆ ಖರ್ಚು ಮಾಯವಾಗಲ್ಲ. ಬಜೆಟ್ ಇಷ್ಟೇ ಅಂತ ನಿಗದಿ ಆದಾಗ ಅದು ಕಾಯುವ ದಿನಗಳಾಗಿ ಬದಲಾಗುತ್ತದೆ. ಕಾಯುವಿಕೆಯ ಅಂಕಿ ಹೋಲಿಸುವಾಗ ಗಡಿಯಾರ ಯಾವಾಗ ಶುರು ಅಂತ ಮೊದಲು ಕೇಳಿ. ಇಂಗ್ಲೆಂಡಿನ 18 ವಾರಗಳ ಗುರಿ ಶುರುವಾಗುವುದು ಜಿಪಿ ತಜ್ಞರಿಗೆ ಕಳಿಸಿದ ಮೇಲೆ. ಜಿಪಿಯ ಅಪಾಯಿಂಟ್‌ಮೆಂಟ್‌ಗೆ ಕಾದ ದಿನಗಳು ಅದರಲ್ಲಿಲ್ಲ. 92% ರೋಗಿಗಳಿಗೆ ಅಷ್ಟರೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವ ಆ ಗುರಿಯನ್ನು ಹಲವು ವರ್ಷಗಳಿಂದ ಮುಟ್ಟಿಯೂ ಇಲ್ಲ. ತುರ್ತು ಪ್ರಕರಣ, ಕ್ಯಾನ್ಸರ್ ಇರಬಹುದೆಂಬ ಶಂಕೆ ಇವಕ್ಕೆ ಬೇರೆ ಸರದಿ. ಮಂಡಿ ಬದಲಾವಣೆ, ಕಣ್ಣಿನ ಪೊರೆಯಂಥವೇ ಉದ್ದ ಸಾಲಿನಲ್ಲಿ ನಿಲ್ಲುವುದು. ಎಲ್ಲವನ್ನೂ ಸೇರಿಸಿ ತೆಗೆದ ಸರಾಸರಿ ಯಾರ ಕಥೆಯನ್ನೂ ಹೇಳಲ್ಲ.

ಅಲ್ಲಿ ಖಾಸಗಿ ವಿಮೆ ಕೊಳ್ಳುವವರು ಆ ಸಾಲು ದಾಟಲು ಕೊಳ್ಳುತ್ತಾರೆ, ಅಷ್ಟೇ. ಹೃದಯಾಘಾತವಾದರೆ ಅವರೂ ಹೋಗುವುದು ಎನ್‌ಎಚ್‌ಎಸ್ ತುರ್ತು ವಿಭಾಗಕ್ಕೇ. ಸಕ್ಕರೆ ಕಾಯಿಲೆಯಂಥ ದೀರ್ಘಕಾಲದ ಆರೈಕೆ ಸಾಮಾನ್ಯವಾಗಿ ಪಾಲಿಸಿಯಲ್ಲಿ ಇರುವುದಿಲ್ಲ. ಕೆನಡಾದಲ್ಲಿ ವಿಮೆಯ ಕೆಲಸವೇ ಬೇರೆ: 1984ರ ಆರೋಗ್ಯ ಕಾಯ್ದೆ ಸರ್ಕಾರಿ ವ್ಯವಸ್ಥೆಯಲ್ಲಿ ಆಸ್ಪತ್ರೆ ಮತ್ತು ವೈದ್ಯರ ಸೇವೆ ಇರಲೇಬೇಕು ಅಂದಿತು, ಹೊರಗೆ ಕೊಳ್ಳುವ ಔಷಧಿ, ಹಲ್ಲಿನ ಚಿಕಿತ್ಸೆ ಅದರೊಳಗೆ ಬರಲಿಲ್ಲ. ಆ ಖಾಲಿ ಜಾಗ ತುಂಬಲು ಜನ ಖಾಸಗಿ ವಿಮೆ ಇಟ್ಟುಕೊಳ್ಳುತ್ತಾರೆ. ನಿಮ್ಮ ಟಿಪ್ಪಣಿಯಲ್ಲಿ ಇದಕ್ಕೊಂದು ಅಂಕಣ ಬೇಕು: ಆ ದೇಶದಲ್ಲಿ ವಿಮೆ ಸರ್ಕಾರಿ ವ್ಯವಸ್ಥೆಯ ಜಾಗದಲ್ಲಿದೆಯೋ, ಅದರ ಮೇಲಿದೆಯೋ, ಪಕ್ಕದಲ್ಲಿದೆಯೋ.

ಟಿಪ್ಪಣಿಕಾರ:
ಪಟ್ಟಿ ಹರಿದುಹಾಕಿ ಹೊಸದು ಶುರುಮಾಡಿದೆ. ಅಂಕಣ ಎರಡಿದ್ದದ್ದು ಈಗ ಏಳಾಯಿತು.