ಚಾಗಸ್ ಕಾಯಿಲೆ: ‘ಸುಪ್ತ ಹಂತ’ ಸರಿಯಾದ ಪದವೇ?

ಬಲ್ಲವರಿಗೆ ನಮಸ್ಕಾರ.

ಚಾಗಸ್ ಕಾಯಿಲೆ ಕುರಿತ ಒಂದು ಅನುವಾದದ ಕರಡು ತಿದ್ದುತ್ತಿದ್ದೇನೆ. 1909ರಲ್ಲಿ ಬ್ರೆಜಿಲ್‌ನ ವೈದ್ಯ ಕಾರ್ಲೋಸ್ ಚಾಗಸ್ ಗುರುತಿಸಿದ್ದು. ರೋಗಕ್ಕೆ ಕಾರಣ ಟ್ರಿಪನೊಸೋಮ ಕ್ರೂಜಿ ಎಂಬ ಏಕಕೋಶಿ ಪರಾವಲಂಬಿ. ತಿಗಣೆಯ ಬಳಗದ, ಅದಕ್ಕಿಂತ ದೊಡ್ಡದಾದ ಕೀಟವೊಂದು ರಾತ್ರಿ ರಕ್ತ ಹೀರಿ ಅಲ್ಲೇ ಹಿಕ್ಕೆ ಹಾಕುತ್ತದೆ. ತುರಿಸಿಕೊಂಡಾಗ ಹಿಕ್ಕೆಯಲ್ಲಿರುವ ಪರಾವಲಂಬಿ ಒಳಕ್ಕಿಳಿಯುತ್ತದೆ. ಮೊದಲ ಒಂದೆರಡು ತಿಂಗಳು ರಕ್ತದ ತುಂಬ ಅದೇ. ಆಮೇಲೆ ಹತ್ತಿಪ್ಪತ್ತು ವರ್ಷ, ಎಷ್ಟೋ ಜನರಿಗೆ ಬದುಕಿಡೀ, ಏನೂ ಆಗಿಲ್ಲವೆಂಬಂತೆ ಇರುತ್ತದೆ. ಸುಮಾರು ಮೂರರಲ್ಲಿ ಒಂದು ಪಾಲಿನವರಿಗೆ ಮಾತ್ರ ಮುಂದೆ ಹೃದಯವೋ ಅನ್ನನಾಳವೋ ದೊಡ್ಡಕರುಳೋ ಕೆಡುತ್ತದೆ.

ಈ ನಡುವಿನ ಕಾಲವನ್ನು ಅನುವಾದಕರು ‘ಸುಪ್ತ ಹಂತ’ ಎಂದಿದ್ದಾರೆ. ನನ್ನ ತಕರಾರು ಅದಕ್ಕೆ. ಸುಪ್ತ ಎಂದರೆ ಮಲಗಿದ್ದು. ಇಲ್ಲಿ ಪರಾವಲಂಬಿ, ದೇಹ ಎರಡೂ ಕಡೆಯವರು ಎಚ್ಚರವಾಗಿದ್ದಾರೆ.

1914ರಲ್ಲಿ ಫ್ರಾನ್ಸಿನ ಪರಾವಲಂಬಿ ತಜ್ಞ ಎಮಿಲ್ ಬ್ರಂಪ್ಟ್ ಸೂಚಿಸಿದ ಒಂದು ಪರೀಕ್ಷೆ ನೋಡಿ. ಪ್ರಯೋಗಾಲಯದಲ್ಲೇ ಸಾಕಿದ, ಸೋಂಕಿಲ್ಲದ, ಹಸಿದ ಕೀಟಗಳನ್ನು ಪುಟ್ಟ ಡಬ್ಬಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ರೋಗಿಯ ತೋಳಿಗೆ ಒತ್ತಿ ಹಿಡಿಯುವುದು. ಅವು ಹೊಟ್ಟೆ ತುಂಬ ಹೀರಿದ ಮೇಲೆ ಕೆಲವು ವಾರ ಬಿಟ್ಟು ಅವುಗಳ ಕರುಳನ್ನು ಸೂಕ್ಷ್ಮದರ್ಶಕದಡಿ ನೋಡುವುದು. ಯಾವ ತೊಂದರೆಯೂ ಇಲ್ಲವೆನ್ನುವವರ ರಕ್ತ ಕುಡಿದ ಕೀಟಗಳಲ್ಲೂ ಎಷ್ಟೋ ಸಲ ಪರಾವಲಂಬಿ ಸಿಗುತ್ತಿತ್ತು.

ಒಳಗೆ ನಡೆಯುವುದು ಇಷ್ಟು. ಹೃದಯದ ಸ್ನಾಯುಕೋಶಕ್ಕೆ ಹೊಕ್ಕ ಪರಾವಲಂಬಿ ಬಾಲ ಕಳೆದುಕೊಂಡು ಗುಂಡಗಾಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಕೋಶ ತುಂಬಿಕೊಂಡು, ಮತ್ತೆ ಬಾಲ ಬಂದು, ಕೋಶ ಒಡೆದು ಹೊರಬೀಳುತ್ತದೆ. ಇತ್ತ ದೇಹದ ಕಾವಲಿನ ಸಿಡಿ8 ಟಿ ಕೋಶಗಳು (ಬಿಳಿ ರಕ್ತಕೋಶಗಳ ಒಂದು ಬಗೆ) ಸೋಂಕಿದ ಕೋಶಗಳನ್ನು ಪತ್ತೆ ಹಚ್ಚಿ ಕೊಲ್ಲುತ್ತಲೇ ಇರುತ್ತವೆ. ಪೂರ್ತಿ ತೊಡೆದುಹಾಕಲು ಆಗುವುದಿಲ್ಲ, ಹೆಚ್ಚಲು ಬಿಡುವುದೂ ಇಲ್ಲ. ಏಡ್ಸ್ ಬಂದವರಲ್ಲಿ, ಅಂಗ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವರಲ್ಲಿ ಕಾಯಿಲೆ ಮತ್ತೆ ಭುಗಿಲೇಳುವುದುಂಟು. ಕಾವಲು ಇತ್ತೆನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. (ಇಷ್ಟೆಲ್ಲ ಕಾದಾಡುವ ದೇಹವನ್ನು ‘ಆತಿಥೇಯ’ ಎನ್ನುವುದು ತಮಾಷೆಯೇ. ಆದರೆ ಪಠ್ಯಪುಸ್ತಕಗಳಲ್ಲಿ ಕೂತುಬಿಟ್ಟಿರುವ ಪದ, ಕೆಣಕಲು ಹೋಗುವುದಿಲ್ಲ.)

‘ಬೂದಿ ಮುಚ್ಚಿದ ಕೆಂಡ’ ಎಂದು ಯಾರಾದರೂ ಹೇಳಿಯೇ ಹೇಳುತ್ತೀರಿ. ಬೂದಿ ಸುಮ್ಮನೆ ಮುಚ್ಚಿಕೊಂಡಿರುತ್ತದೆ, ಕೆಂಡದೊಡನೆ ಸೆಣಸುವುದಿಲ್ಲ, ಆದ್ದರಿಂದ ಒಪ್ಪಲಾರೆ. ವೈದ್ಯರು ಬಳಸುವುದು ‘ಅನಿರ್ಧರಿತ’ ಎಂಬರ್ಥದ ಪದ. ರಕ್ತದಲ್ಲಿ ಪ್ರತಿಕಾಯ ಇದೆ, ಇಸಿಜಿ, ಎಕ್ಸ್‌ರೇ ಎಲ್ಲ ಸರಿಯಿದೆ, ಮುಂದೇನೆಂದು ಹೇಳಲಾಗದು ಎಂಬ ಲೆಕ್ಕದಲ್ಲಿ. ಅದು ವೈದ್ಯರ ಸ್ಥಿತಿ ಹೇಳಿತೇ ಹೊರತು ರೋಗದ್ದಲ್ಲ. ನನಗೆ ಹೊಳೆದದ್ದು ‘ಹದ್ದುಬಸ್ತು’. ‘ರೋಗನಿರೋಧಕ ಶಕ್ತಿ ಪರಾವಲಂಬಿಯನ್ನು ಹದ್ದುಬಸ್ತಿನಲ್ಲಿಡುತ್ತದೆ’ ಎಂದರೆ ಯಾರಿಗೂ ಅರ್ಥವಾಗುತ್ತದೆ. ಆದರೆ ‘ಹದ್ದುಬಸ್ತಿನ ಹಂತ’ ಎಂದು ಹೆಸರಿಟ್ಟರೆ ಸರ್ವೆ ಇಲಾಖೆಯ ಕಾಗದ ಓದಿದಂತಾಗುತ್ತದೆ. ಕ್ರಿಯಾಪದವಾಗಿ ಇಟ್ಟುಕೊಂಡು, ಹಂತಕ್ಕೆ ‘ಲಕ್ಷಣರಹಿತ ಹಂತ’ ಎಂದರೆ ಸಾಕೇ?

‘ಸುಪ್ತ’ವನ್ನು ಇಲ್ಲಿ ಖರ್ಚುಮಾಡದೆ ಕಾದಿರಿಸಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಕೋಶದೊಳಗಿನ ಪರಾವಲಂಬಿಗಳಲ್ಲಿ ಕೆಲವೇ ಕೆಲವು ಇಬ್ಭಾಗವಾಗುವುದನ್ನು ನಿಲ್ಲಿಸಿ ಸುಮ್ಮನಿರುತ್ತವೆ, ಬೆಂಜ್‌ನಿಡಜೋಲ್ ಔಷಧಿಗೂ ಬಗ್ಗದೆ ಉಳಿಯುತ್ತವೆ ಎಂದು 2018ರಲ್ಲಿ ವರದಿಯಾಯಿತು. ಮಲಗಿದ್ದು ಅಂದರೆ ಇವು. ಇಡೀ ಹಂತಕ್ಕೇ ಆ ಪದ ಕೊಟ್ಟುಬಿಟ್ಟರೆ ಇವನ್ನು ಏನೆಂದು ಕರೆಯುವುದು?

ಕರಡಿನಲ್ಲಿ ಇನ್ನೊಂದು ವಾಕ್ಯವಿದೆ: ‘ಕೊನೆಗೆ ರೋಗನಿರೋಧಕ ಶಕ್ತಿ ಹೃದಯದ ಮೇಲೆ ದಾಳಿ ಮಾಡುತ್ತದೆ.’ ಹಿಂದೆ ಹಾಗೆ ನಂಬಿದವರು ಬಹಳ ಜನ. ಕೆಟ್ಟ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉರಿಯೂತ ಕಾಣುತ್ತಿತ್ತು, ಪರಾವಲಂಬಿ ಸಿಗುವುದೇ ಅಪರೂಪ. ಹಾಗಾಗಿ ದೇಹ ತನ್ನನ್ನೇ ತಾನು ತಿನ್ನುತ್ತಿದೆ ಎಂದುಕೊಂಡರು. ಚೂರುಪಾರು ಡಿಎನ್‌ಎಯನ್ನೂ ಪತ್ತೆ ಹಚ್ಚುವ ಪಿಸಿಆರ್ ಪರೀಕ್ಷೆ ಬಂದಮೇಲೆ ಅದೇ ಅಂಗಾಂಶದಲ್ಲಿ ಪರಾವಲಂಬಿಯ ಡಿಎನ್‌ಎ ಸಿಕ್ಕಿತು. ಸ್ವಂತ ಕೋಶಗಳನ್ನು ಗುರಿಮಾಡುವ ಪ್ರತಿಕ್ರಿಯೆಯನ್ನು ಪೂರ್ತಿ ತಳ್ಳಿಹಾಕಿಲ್ಲವಾದರೂ, ಪರಾವಲಂಬಿ ಉಳಿದಿರುವುದೇ ಮೂಲ ಎಂಬ ಕಡೆಗೆ ಈಗ ತೂಕ ಹೆಚ್ಚು. ‘ದಾಳಿ’ ಎಂದರೆ ಹೃದಯವೇ ಗುರಿ ಎಂದಾಗುತ್ತದೆ. ‘ಪರಾವಲಂಬಿಯ ಮೇಲಿನ ಹೊಡೆತಕ್ಕೆ ಹೃದಯವೂ ಸಿಕ್ಕಿಕೊಳ್ಳುತ್ತದೆ’ ಎಂದು ತಿದ್ದಿದ್ದೇನೆ. ಆಕ್ಷೇಪವಿದ್ದರೆ ತಿಳಿಸಿ.

ಕಡೆಯದಾಗಿ ಕೀಟದ ಹೆಸರು. ಕರಡಿನಲ್ಲಿರುವ ‘ಚುಂಬನ ಕೀಟ’ವನ್ನು ಹೊಡೆದುಹಾಕಿದ್ದೇನೆ. ಬ್ರೆಜಿಲ್‌ನವರು ಅದನ್ನು ಕರೆಯುವುದು ಬಾರ್ಬೇರೊ, ಅಂದರೆ ಕ್ಷೌರಿಕ. ಮುಖಕ್ಕೆ ಬಾಯಿ ಹಾಕುತ್ತದಲ್ಲ. ಇದೇ ಕುಲದ ಟ್ರಯಾಟೋಮ ರೂಬ್ರೊಫ್ಯಾಸಿಯಾಟ, ಇಲಿಗಳ ಆಸುಪಾಸಿನಲ್ಲಿ ಬದುಕುವುದು, ಭಾರತದಲ್ಲೂ ಇದೆ. ಅದಕ್ಕೆ ನಿಮ್ಮ ಕಡೆ ಹೆಸರೇನಾದರೂ ಉಂಟೇ? ಇಲ್ಲದಿದ್ದರೆ ‘ದೊಡ್ಡ ತಿಗಣೆ’ ಎಂದು ಬರೆದು ಮುಂದೆ ಹೋಗುತ್ತೇನೆ.