ವೆಂಟ್‌ವರ್ತ್‌ವಿಲ್‌ನಲ್ಲಿ ಉಳಿದು ಸಿಡ್ನಿ ನೋಡಿದವರು ಅನುಭವ ತಿಳಿಸಿ

ಹಾಸನದ ದಾರಿಹೋಕ (ಪ್ರಶ್ನೆ)

ಬರುವ ಡಿಸೆಂಬರ್ 27ರಿಂದ ಹದಿನೆಂಟು ದಿನಗಳ ಮಟ್ಟಿಗೆ ನಾನು, ನನ್ನ ಹೆಂಡತಿ, 76 ವರ್ಷದ ತಂದೆ ಮತ್ತು 70 ವರ್ಷದ ತಾಯಿ ಸಿಡ್ನಿಗೆ ಹೊರಟಿದ್ದೇವೆ. ಹೆಂಡತಿಯ ಚಿಕ್ಕಪ್ಪನ ಮಗ ನಗರದಿಂದ ಸುಮಾರು 27 ಕಿಲೋಮೀಟರ್ ಪಶ್ಚಿಮಕ್ಕಿರುವ ವೆಂಟ್‌ವರ್ತ್‌ವಿಲ್‌ನಲ್ಲಿದ್ದಾನೆ. ಅವನ ಮನೆಯ ಹಿತ್ತಿಲಿನಲ್ಲಿರುವ ಗ್ರ್ಯಾನಿ ಫ್ಲ್ಯಾಟ್ (ಪ್ರತ್ಯೇಕವಾದ ಪುಟ್ಟ ಮನೆ) ಖಾಲಿ ಇದೆಯೆಂದೂ, ಅಲ್ಲಿಯೇ ಉಳಿಯಬೇಕೆಂದೂ ಒತ್ತಾಯಿಸುತ್ತಿದ್ದಾನೆ. ಬಂದರಿನ ಸಮೀಪ ಹೋಟೆಲ್ ಹಿಡಿದರೆ ಹೊಸ ವರ್ಷದ ಆ ವಾರದ ಬಾಡಿಗೆ ನಮ್ಮ ಕೈಗೆ ಎಟುಕುವಂತಿಲ್ಲ, ಆದರೆ ದಿನವೂ ಅಷ್ಟು ದೂರ ಓಡಾಡುವುದು ಹಿರಿಯರಿಗೆ ಆಗುತ್ತದೆಯೇ ಎಂಬ ಅಳುಕಿದೆ. ಉಳಿದು ಬಂದವರು ದಯವಿಟ್ಟು ತಿಳಿಸಿ.

ತುಮಕೂರು ತಿರುಗಾಲ

ಎರಡನೆಯ ಯೋಚನೆಯೇ ಬೇಡ, ಅಲ್ಲಿಯೇ ಉಳಿಯಿರಿ. ನಾವು 2023ರಲ್ಲಿ ಐದು ವಾರ ಅದರ ಪಕ್ಕದ ನಿಲ್ದಾಣವಾದ ಪೆಂಡಲ್ ಹಿಲ್‌ನಲ್ಲಿದ್ದೆವು. ನನ್ನ ತಂದೆ ಜೀವಮಾನವಿಡೀ ಜಿಲ್ಲೆ ದಾಟದ ಮನುಷ್ಯ. ವಿಮಾನ ಇಳಿದ ಮೂರನೆಯ ದಿನಕ್ಕೆ ಮನೆಯವರಿಗೆ ಹೇಳದೆ ಹೊರಟು, ಎರಡು ಗಂಟೆ ಕಳೆದರೂ ಬಾರದೆ ನಮ್ಮೆಲ್ಲರ ಎದೆ ನೀರಾಗಿಸಿದರು. ಹುಡುಕಿಕೊಂಡು ಹೋದರೆ ಅವರು ಉದ್ಯಾನದ ಬೆಂಚಿನ ಮೇಲೆ ಜಾಫ್ನಾದ ಮುದುಕರೊಬ್ಬರ ಜೊತೆ ಕುಳಿತಿದ್ದರು. ಇವರಿಗೆ ತಮಿಳು ಅರ್ಧಂಬರ್ಧ, ಅವರಿಗೆ ಕನ್ನಡ ಏನೂ ಬಾರದು. ಆದರೂ ಇಬ್ಬರೂ ಮೊಣಕಾಲಿನ ನೋವನ್ನು ಕುರಿತು ಸಾಂಗವಾಗಿ ಮಾತನಾಡುತ್ತಿದ್ದರು. ಮರುದಿನ ಅದೇ ಬೆಂಚಿಗೆ ಗುಜರಾತಿನ ಒಬ್ಬ ಅಜ್ಜನೂ, ನಕ್ಕು ತಲೆಬಾಗುವುದನ್ನು ಬಿಟ್ಟು ಬೇರೆ ಭಾಷೆಯ ಹಂಗಿಲ್ಲದ ಒಬ್ಬ ಚೀನೀ ಹಿರಿಯರೂ ಸೇರಿಕೊಂಡರು. ಹೊರಡುವ ದಿನ ಜಾಫ್ನಾದವರು ತಮ್ಮ ಹಿತ್ತಿಲಿನ ಗಿಡದಿಂದ ಒಂದು ಹಿಡಿ ಕರಿಬೇವು ತಂದುಕೊಟ್ಟು, ವಿಮಾನದಲ್ಲಿ ಒಯ್ಯಲಾಗದು, ಇಂದಿನ ಸಾರಿಗೆ ಹಾಕಿ ಎಂದರಂತೆ. ಆ ಪ್ರಾಂತ್ಯದ ಅಂಗಡಿಗಳಲ್ಲಿ ನಾಲ್ಕು ಕಡ್ಡಿ ಕರಿಬೇವಿಗೆ ತೆರಬೇಕಾದ ಬೆಲೆ ಗೊತ್ತಿರುವವರಿಗೆ ಆ ಉಡುಗೊರೆಯ ತೂಕ ಅರ್ಥವಾಗುತ್ತದೆ. ಒಪೆರಾ ಹೌಸ್ ಹೇಗಿತ್ತೆಂದು ಈಗ ಯಾರಾದರೂ ಕೇಳಿದರೆ ತಂದೆಯವರು "ಚೆನ್ನಾಗಿತ್ತು" ಎಂದು ಒಂದೇ ಮಾತಿನಲ್ಲಿ ಮುಗಿಸಿ ಬೆಂಚಿನ ಕಥೆಗೆ ಬರುತ್ತಾರೆ.

ಮತ್ತೆ ಹೋಗದವಳು

ಬೆಂಚು, ಕರಿಬೇವು ಎಲ್ಲವೂ ಸರಿ, ಈ ಪ್ರಶ್ನೆ ಕೇಳಿದವರು ಹೋಗುತ್ತಿರುವುದು ಅಲ್ಲಿನ ಬೇಸಿಗೆಯ ನಟ್ಟನಡುವೆ ಎಂಬುದನ್ನು ಮೇಲಿನವರು ಗಮನಿಸಿದಂತಿಲ್ಲ. ನಾವು ಇದೇ ವೆಂಟ್‌ವರ್ತ್‌ವಿಲ್‌ನಲ್ಲಿ, ನಗರದ ಹೋಟೆಲಿನ ಹಣ ಉಳಿಸುವ ಇದೇ ಲೆಕ್ಕದಲ್ಲಿ, 2019ರ ಡಿಸೆಂಬರ್ ಕೊನೆಯಿಂದ ಎರಡು ವಾರ ಇದ್ದೆವು. ಕಡಲ ಗಾಳಿ ತೀರದಲ್ಲಿರುವ ಬಾಂಡೈಯವರಿಗೆ ಸಿಗುತ್ತದೆಯೇ ಹೊರತು ಪಶ್ಚಿಮ ಸಿಡ್ನಿಯವರೆಗೆ ಅದು ತಲುಪುವುದು ಅಪರೂಪ. 2020ರ ಜನವರಿ 4ರಂದು ಇನ್ನೂ ಪಶ್ಚಿಮಕ್ಕಿರುವ ಪೆನ್‌ರಿತ್‌ನಲ್ಲಿ 48.9 ಡಿಗ್ರಿ ದಾಖಲಾಯಿತು. ನಾವಿದ್ದ ಗ್ರ್ಯಾನಿ ಫ್ಲ್ಯಾಟ್‌ಗೆ ತಗಡಿನ ಚಾವಣಿ, ಎಸಿ ಇದ್ದದ್ದು ಮುಂದಿನ ದೊಡ್ಡ ಮನೆಯಲ್ಲಿ ಮಾತ್ರ. ಕಾಳ್ಗಿಚ್ಚಿನ ಹೊಗೆಯಿಂದಾಗಿ ಕಿಟಕಿ ತೆರೆಯುವಂತಿರಲಿಲ್ಲ. ಅತ್ತೆಯವರು ಒದ್ದೆ ಮಾಡಿದ ಸೀರೆಯನ್ನು ಕಿಟಕಿಗೆ ಕಟ್ಟಿ ಅದರ ಕೆಳಗೆ ಮಧ್ಯಾಹ್ನವಿಡೀ ಮಲಗಿದ್ದನ್ನು ನಾನು ಮರೆತಿಲ್ಲ.

ಇನ್ನು ಸಮಯದ ಲೆಕ್ಕ ಕೇಳಿ. ಮನೆಯಿಂದ ನಿಲ್ದಾಣಕ್ಕೆ ನಡಿಗೆ, ರೈಲಿಗಾಗಿ ಕಾಯುವುದು, ಪರಮಟ್ಟಾದಲ್ಲಿ ವೇಗದ ರೈಲಿಗೆ ಬದಲಾಯಿಸುವುದು, ಇವೆಲ್ಲ ಸೇರಿ ದಿನಕ್ಕೆ ಎರಡೂ ಕಾಲು ಗಂಟೆ. ಹದಿನಾಲ್ಕು ದಿನಕ್ಕೆ 31 ಗಂಟೆ 30 ನಿಮಿಷ. ಇದು ರೈಲು ಓಡಿದ ದಿನಗಳ ಮಾತು. ಎರಡು ವಾರಾಂತ್ಯಗಳಲ್ಲಿ ಒಂದನ್ನು ಹಳಿ ಕಾಮಗಾರಿಯೆಂದು ಬಸ್ಸುಗಳಿಗೆ ಒಪ್ಪಿಸಿದ್ದರು. ಅದಕ್ಕೂ ಮಿಗಿಲಾಗಿ ನಮ್ಮ ಮಾವನವರು ಹೋಗುವಾಗ ನಿಲ್ದಾಣದ ಟಿಕೆಟ್ ಯಂತ್ರಕ್ಕೆ ಬ್ಯಾಂಕ್ ಕಾರ್ಡನ್ನು ತಟ್ಟಿ, ಇಳಿಯುವಾಗ ಅದೇ ಕಾರ್ಡ್ ಜೋಡಿಸಿದ ಫೋನನ್ನು ತಟ್ಟಿದರು. ಎರಡೂ ಒಂದೇ ಖಾತೆಯಲ್ಲವೇ ಎಂಬುದು ಅವರ ವಾದ, ಆದರೆ ಯಂತ್ರಕ್ಕೆ ಅವು ಎರಡು ಬೇರೆ ಕಾರ್ಡುಗಳು, ಹೀಗಾಗಿ ಎರಡು ಅಪೂರ್ಣ ಪ್ರಯಾಣಗಳೆಂದು ಎರಡಕ್ಕೂ ಗರಿಷ್ಠ ದರ ಕಡಿತವಾಯಿತು. ಮೂರು ದಿನ ಇದೇ ನಡೆಯಿತು. ನಮ್ಮ ಬ್ಯಾಂಕಿನವರು ಪ್ರತಿ ಕಡಿತದ ಮೇಲೂ ವಿದೇಶಿ ವಿನಿಮಯದ ಶುಲ್ಕ ಹಾಕಿದ್ದನ್ನು ಊರಿಗೆ ಬಂದ ಮೇಲೆ ನೋಡಿದೆವು.

ಅಳೆದು ಸುರಿವವ

ಸಹೋದರಿಯವರು ಕಾರ್ಡ್ ತಟ್ಟುವುದನ್ನು ತಿಳಿಯದೆ ಹೋದದ್ದಕ್ಕೆ ಊರನ್ನು ದೂರುತ್ತಿದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಓಪಲ್ ಕಾರ್ಡ್ (ಅಲ್ಲಿನ ರೈಲು, ಬಸ್ಸು, ದೋಣಿಗಳಿಗೆಲ್ಲ ನಡೆಯುವ ಪ್ರಯಾಣದ ಕಾರ್ಡ್) ಕೊಂಡು ಕೊರಳಿಗೆ ನೇತುಹಾಕಿಬಿಟ್ಟರೆ ಈ ರಗಳೆಯೇ ಇಲ್ಲ. ದೊಡ್ಡವರಿಗೆ ವಾರಕ್ಕೆ 50 ಡಾಲರಿನ ಮಿತಿಯಿದೆ, ಅದನ್ನು ಮುಟ್ಟಿದ ಮೇಲೆ ಎಷ್ಟು ತಿರುಗಿದರೂ ಖರ್ಚಿಲ್ಲ. ಶುಕ್ರವಾರದಿಂದ ಭಾನುವಾರದವರೆಗೆ ದಿನದ ಮಿತಿಯೂ ಉಳಿದ ದಿನಗಳ ಅರ್ಧಕ್ಕೆ ಇಳಿಯುತ್ತದೆ. ನಾವು ದೂರದ ಪ್ರವಾಸಗಳನ್ನೆಲ್ಲ ಆ ಮೂರು ದಿನಗಳಿಗೇ ಇಟ್ಟುಕೊಂಡು, ಸೋಮವಾರದಿಂದ ಗುರುವಾರದವರೆಗೆ ನಡಿಗೆಯಲ್ಲಿ ಮುಗಿಯುವುದನ್ನು ನೋಡುತ್ತಿದ್ದೆವು.

ವಿಮಾನ ನಿಲ್ದಾಣದ ವಿಷಯ ಯಾರೂ ಹೇಳಲಿಲ್ಲ. ಅಲ್ಲಿನ ರೈಲು ನಿಲ್ದಾಣದಲ್ಲಿ ಟಿಕೆಟ್ಟಿನ ಮೇಲೆ ತಲೆಗೆ 17 ಡಾಲರ್‌ಗೂ ಮಿಕ್ಕಿ ಪ್ರವೇಶ ಶುಲ್ಕ ಕೀಳುತ್ತಾರೆ, ಅಂದರೆ ನಾಲ್ಕು ಜನಕ್ಕೆ 70ರ ಆಸುಪಾಸು. ಹೊರಗೆ ಬಂದು 420ನೆಯ ಸಂಖ್ಯೆಯ ಬಸ್ ಹತ್ತಿ ಮ್ಯಾಸ್ಕಟ್ ನಿಲ್ದಾಣದಲ್ಲಿ ಇಳಿದು ಅಲ್ಲಿಂದ ರೈಲು ಹಿಡಿದರೆ ಆ ಶುಲ್ಕವಿಲ್ಲ. ನಾವು ಆರು ಪೆಟ್ಟಿಗೆಗಳೊಂದಿಗೆ ಹಾಗೆಯೇ ಬಂದೆವು. ಅಷ್ಟೇ ಅಲ್ಲ, 60 ದಾಟಿದವರಿಗೆ ಚಿನ್ನದ ಬಣ್ಣದ ಓಪಲ್ ಕಾರ್ಡ್ ಇದ್ದು, ಅದರಲ್ಲಿ ದಿನವಿಡೀ ಎರಡೂವರೆ ಡಾಲರಿಗೆ ತಿರುಗಬಹುದು. ಪ್ರಶ್ನೆ ಕೇಳಿದವರ ತಂದೆತಾಯಿಗೆ ಇದು ವರದಾನ.

ಪರಮಟ್ಟಾ ಪರದೇಶಿ

ತಪ್ಪು ಮಾಹಿತಿಯನ್ನು ಹೀಗೆ ಎದೆ ತಟ್ಟಿ ಹೇಳಬೇಡಿ. ಆ ಚಿನ್ನದ ಕಾರ್ಡ್ ಇಲ್ಲಿ ಖಾಯಂ ನೆಲೆಸಿ ಹಿರಿಯ ನಾಗರಿಕರ ಕಾರ್ಡ್ ಪಡೆದವರಿಗೆ, ಪಿಂಚಣಿದಾರರಿಗೆ ಮೀಸಲು. ಪ್ರವಾಸಿ ವೀಸಾದಲ್ಲಿ ಬಂದ ನಮ್ಮ ಅಪ್ಪ ಅಮ್ಮಂದಿರಿಗೆ 90 ತುಂಬಿದ್ದರೂ ಪೂರ್ಣ ದರವೇ. ನನ್ನ ಸೋದರಮಾವ ಇಂಥದೇ ಯಾರದೋ ಮಾತು ನಂಬಿ, ಬೇರೊಬ್ಬ ಹಿರಿಯರ ಕಾರ್ಡ್ ಎರವಲು ಪಡೆದು ಸೆಂಟ್ರಲ್ ನಿಲ್ದಾಣದಲ್ಲಿ ತಪಾಸಣೆಯವರ ಕೈಗೆ ಸಿಕ್ಕಿಬಿದ್ದರು. ನಿವೃತ್ತ ಮುಖ್ಯೋಪಾಧ್ಯಾಯರಾದ ಅವರು ನಾಲ್ಕು ಜನರ ಮುಂದೆ ಗುರುತಿನ ಚೀಟಿ ತೋರಿಸುತ್ತಾ ನಿಂತದ್ದನ್ನು ನೋಡಿದಾಗ ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. 70 ಡಾಲರ್ ಉಳಿಸಲು ಹನ್ನೊಂದು ಹನ್ನೆರಡು ಗಂಟೆ ಹಾರಿ ಬಂದ 76ರ ಮುದುಕರನ್ನು ನಗರ ಬಸ್ಸಿನಲ್ಲಿ ಪೆಟ್ಟಿಗೆಗಳ ನಡುವೆ ನಿಲ್ಲಿಸುವುದು ಜಾಣತನವೆಂದು ನನಗೆ ತೋರುವುದಿಲ್ಲ. ಭಾವಮೈದುನನಿಗೆ ಕಾರು ತರಲು ಹೇಳಿ.

ಅಳೆದು ಸುರಿವವ

ಕಾರ್ಡಿನ ವಿಷಯದಲ್ಲಿ ತಪ್ಪಾಗಿದ್ದರೆ ಒಪ್ಪುತ್ತೇನೆ. ಆದರೆ ಹೊಳೆಗೆ ಸುರಿದರೂ ಅಳೆದು ಸುರಿ ಎಂದು ಹಿರಿಯರು ಹೇಳಿದ್ದಾರೆ. ನಿಮ್ಮ ಸೋದರಮಾವನವರು ಬೇರೆಯವರ ಕಾರ್ಡ್ ಬಳಸಿದ್ದು ಅವರ ತಪ್ಪು, ನನ್ನ ಬಸ್ಸಿನ ತಪ್ಪಲ್ಲ. ನಮ್ಮ ತಾಯಿಯವರಿಗೆ ಆ ಬಸ್ಸಿನಲ್ಲಿ ಎದ್ದು ಸೀಟು ಕೊಟ್ಟವಳು ನೀಲಿ ಕೂದಲಿನ ಒಬ್ಬ ಹುಡುಗಿ.

ಮಲೆನಾಡ ಮೌನಿ

ಕಾರು ಎಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನಾವು ರೈಲಿನ ಉಸಾಬರಿಯೇ ಬೇಡವೆಂದು ಎಂಟು ದಿನ ಬಾಡಿಗೆ ಕಾರು ತೆಗೆದುಕೊಂಡೆವು. ಪರವಾನಗಿ ಇಂಗ್ಲಿಷಿನಲ್ಲಿದ್ದುದರಿಂದ ತಕರಾರಿರಲಿಲ್ಲ, ಎಡಬದಿಯ ಚಾಲನೆಯೂ ನಮ್ಮದೇ. ಆದರೆ ಅಲ್ಲಿನ ಸುಂಕದ ರಸ್ತೆಗಳಲ್ಲಿ ಗೇಟೂ ಇಲ್ಲ, ಚೀಟಿಯೂ ಇಲ್ಲ, ತಲೆಯ ಮೇಲಿನ ಕ್ಯಾಮೆರಾ ಸುಮ್ಮನೆ ಸಂಖ್ಯೆಯನ್ನು ಬರೆದುಕೊಳ್ಳುತ್ತದೆ. ವೆಂಟ್‌ವರ್ತ್‌ವಿಲ್‌ನಿಂದ ನಗರಕ್ಕೆ ಎಂ4 ಹೆದ್ದಾರಿ ಹಿಡಿದರೆ ಸುಂಕ, ಬಂದರಿನ ಸೇತುವೆ ದಕ್ಷಿಣಕ್ಕೆ ದಾಟಿದರೆ ಸುಂಕ, ದಾರಿ ತಪ್ಪಿ ಸುರಂಗಕ್ಕೆ ನುಗ್ಗಿದರೆ ಮತ್ತೊಂದು. ಊರಿಗೆ ಮರಳಿ ಏಳು ವಾರಗಳ ನಂತರ ಬಾಡಿಗೆ ಸಂಸ್ಥೆಯವರು ನನ್ನ ಕ್ರೆಡಿಟ್ ಕಾರ್ಡಿನಿಂದ ಒಂಬತ್ತು ಸಲ ಹಣ ಎಳೆದುಕೊಂಡಿದ್ದರು, ಪ್ರತಿ ಸುಂಕಕ್ಕೂ ಅವರ ನಿರ್ವಹಣಾ ಶುಲ್ಕ ಬೇರೆ. ಹೆಲೆನ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದ ದಿನವೊಂದನ್ನು ಬಿಟ್ಟರೆ ಕಾರು ಬೇಕೆನಿಸಲೇ ಇಲ್ಲ. ಅಲ್ಲಿಗೆ ರೈಲಿದೆ, ಆದರೆ ನಿಲ್ದಾಣದಿಂದ ದೇವಸ್ಥಾನದವರೆಗೆ ವಯಸ್ಸಾದವರನ್ನು ನಡೆಸಲಾಗದು.

ಮತ್ತೆ ಹೋಗದವಳು

ದೇವಸ್ಥಾನ, ದಿನಸಿ ಅಂಗಡಿ, ಹ್ಯಾರಿಸ್ ಪಾರ್ಕಿನ ವಿಗ್ರಾಂ ಸ್ಟ್ರೀಟಿನಲ್ಲಿ ದೋಸೆ! ಒಂಬತ್ತು ಸಾವಿರ ಕಿಲೋಮೀಟರ್ ಹಾರಿ ಗಾಂಧಿ ಬಜಾರನ್ನೇ ನೋಡಬೇಕಾದರೆ ಬಸವನಗುಡಿಗೆ ಹೋದರೆ ಸಾಲದೇ? ನಮ್ಮವರು ಆ ಉಪನಗರದಲ್ಲಿ ಇಳಿದ ಮೇಲೆ ಹೊರಗಿನ ಊರು ನೋಡುವ ಉಮೇದನ್ನೇ ಕಳೆದುಕೊಂಡರು. ಬಾಂಡೈಗೆ ಹೊರಡೋಣವೆಂದರೆ ಅತ್ತೆಯವರು "ಇವತ್ತು ಪಕ್ಕದ ಮನೆಯವರು ಚಹಾಕ್ಕೆ ಕರೆದಿದ್ದಾರೆ" ಎನ್ನುತ್ತಿದ್ದರು.

ತುಮಕೂರು ತಿರುಗಾಲ

ಅತ್ತೆಯವರಿಗೆ ಸಂತೋಷವಾಗಿತ್ತೆಂದು ನೀವೇ ಹೇಳಿದಂತಾಯಿತಲ್ಲ. ಪ್ರವಾಸ ಯಾರದಾಗಿತ್ತು, ಅವರದೋ ನಿಮ್ಮ ಫೋಟೋಗಳದೋ? ಅಲ್ಲಿರುವವರು ನಮ್ಮವರಷ್ಟೇ ಎಂಬುದೂ ಸರಿಯಲ್ಲ. ಅದೇ ಹಳಿಯಲ್ಲಿ ಕೆಲವು ನಿಲ್ದಾಣ ಪೂರ್ವಕ್ಕೆ ಹೋಗಿ ಆಬರ್ನ್‌ನಲ್ಲಿ ಇಳಿಯಿರಿ: ತುರ್ಕಿಯವರು ಕಟ್ಟಿದ ಗಲಿಪೊಲಿ ಮಸೀದಿ, ಜಪಾನೀ ಶೈಲಿಯ ತೋಟವಿರುವ ಸಸ್ಯೋದ್ಯಾನ, 1977ರಲ್ಲಿ ಆರಂಭವಾದ ಶ್ರೀ ಮಂದಿರ, ಮೂರೂ ಒಂದೇ ಊರಿನಲ್ಲಿವೆ. ಪರಮಟ್ಟಾ ಪಾರ್ಕಿನಲ್ಲಿರುವ ಹಳೆಯ ಗವರ್ನಮೆಂಟ್ ಹೌಸ್ 2010ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಇದನ್ನೆಲ್ಲ ನೀವು ಗಾಂಧಿ ಬಜಾರಿನಲ್ಲಿ ಕಂಡಿದ್ದರೆ ನಮಗೂ ತೋರಿಸಿ.

ಪರಮಟ್ಟಾ ಪರದೇಶಿ

ನಗರಕ್ಕೆ ಒಮ್ಮೆಯಾದರೂ ಪರಮಟ್ಟಾದಿಂದ ದೋಣಿಯಲ್ಲಿ ಹೋಗಿ, ಒಂದೂವರೆ ಗಂಟೆ ಹಿಡಿದರೂ ಹಿರಿಯರು ಕುಳಿತಲ್ಲಿಂದಲೇ ಸೇತುವೆ, ಒಪೆರಾ ಹೌಸ್, ಬಂದರು ಎಲ್ಲವನ್ನೂ ಕಾಣುತ್ತಾರೆ. ಇಳಿತದ ಹೊತ್ತಿನಲ್ಲಿ ನೀರು ಸಾಲದೆ ಕೆಲವು ದೋಣಿಗಳು ಪರಮಟ್ಟಾದವರೆಗೆ ಬಾರದೆ ರೈಡಲ್ಮಿಯರ್‌ನಲ್ಲೇ ನಿಲ್ಲುತ್ತವೆ, ಆಗ ಉಳಿದ ದಾರಿಗೆ ಬಸ್ಸು. ಇದನ್ನು ತಿಳಿಯದೆ ನಾನು ಖಾಲಿ ಕಟ್ಟೆಯ ಮೇಲೆ 40 ನಿಮಿಷ ಕುಳಿತಿದ್ದೆ.

ಮಂಡ್ಯದ ಮಗಳು

ನೀವೆಲ್ಲ ಡಾಲರ್, ದೋಸೆ, ದೋಣಿ ಎಂದು ಜಗಳವಾಡುತ್ತಿದ್ದೀರಿ. ನನಗೆ ಆ ಊರೆಂದರೆ ನೆನಪಾಗುವುದು ಒಂದು ಸ್ನಾನದ ಮನೆ. ಅಲ್ಲಿನ ಹಳೆಯ ಮನೆಗಳಲ್ಲಿ ಷವರ್ ಇರುವುದು ತೊಟ್ಟಿಯ ಮೇಲೆ. ತೊಟ್ಟಿಯ ಅಂಚು ನಮ್ಮ ಮೊಣಕಾಲಿನ ಎತ್ತರ. ಅಮ್ಮ ಜೀವಮಾನವಿಡೀ ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತು ಸ್ನಾನ ಮಾಡಿದವರು, ಪ್ರತಿ ಬೆಳಿಗ್ಗೆ ಒಂದು ಕೈಯಲ್ಲಿ ಸೀರೆ ಹಿಡಿದು ಆ ಅಂಚನ್ನು ದಾಟಬೇಕಿತ್ತು. ಹನ್ನೊಂದನೆಯ ದಿನ ಜಾರಿದರು. ಸೊಂಟದ ಮೂಳೆ ಮುರಿಯಲಿಲ್ಲ, ಮಣಿಕಟ್ಟು ಮುರಿಯಿತು. ಆಂಬುಲೆನ್ಸಿನ ಬಿಲ್ಲು 900 ಡಾಲರ್ ದಾಟಿತು. ಅಲ್ಲಿನ ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇರ್ ಭಾರತದಿಂದ ಹೋದವರಿಗೆ ಅನ್ವಯಿಸುವುದಿಲ್ಲ, ಹೀಗಾಗಿ ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ ವಿಮೆಯ ಕಾಗದ. ವಿಮೆ ಇತ್ತು. ಆದರೆ ರಕ್ತದೊತ್ತಡದ ಮಾತ್ರೆಯನ್ನು ಅರ್ಜಿಯಲ್ಲಿ ನಮೂದಿಸಿರಲಿಲ್ಲವೆಂದು ಕಂಪನಿಯವರು ಎಂಟು ತಿಂಗಳು ಎಳೆದಾಡಿಸಿ, ಕೊನೆಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟರು. ತಲೆ ಸುತ್ತಿ ಬಿದ್ದರೋ, ಕಾಲು ಜಾರಿ ಬಿದ್ದರೋ ಎಂಬ ಒಂದೇ ಪ್ರಶ್ನೆಗೆ ನಾನು ನಾಲ್ಕು ಬಾರಿ ಲಿಖಿತ ಉತ್ತರ ಕೊಟ್ಟಿದ್ದೇನೆ. ನಮ್ಮನ್ನು ಕರೆಸಿಕೊಂಡ ತಮ್ಮನ ಹೆಂಡತಿ ಇಂದಿಗೂ "ಜಾರದ ಚಾಪೆ ಹಾಕಿದ್ದೆವಲ್ಲ" ಎನ್ನುತ್ತಾಳೆ. ಹಾಕಿದ್ದು ಹೊರಗೆ, ತೊಟ್ಟಿಯ ಒಳಗಲ್ಲ.

ಅಳೆದು ಸುರಿವವ

ತಾಯಿಯವರ ವಿಷಯ ಕೇಳಿ ಬೇಸರವಾಯಿತು. ಆದರೆ ಔಷಧಿಯನ್ನು ಅರ್ಜಿಯಲ್ಲಿ ಬರೆಯದೆ ಬಿಟ್ಟರೆ ಯಾವ ಕಂಪನಿಯೂ ಸುಮ್ಮನಿರುವುದಿಲ್ಲ.

ಮಂಡ್ಯದ ಮಗಳು

ಅರ್ಜಿ ತುಂಬಿದವನು ಏಜೆಂಟ್, ಸಹಿ ಮಾಡಿದವಳು ನಾನು. ಅದು ನನಗೆ ಗೊತ್ತು. ನಿಮ್ಮ ಬಸ್ಸಿನ ಲೆಕ್ಕವನ್ನು ನೀವು ನೋಡಿಕೊಳ್ಳಿ.

ಹಾಸನದ ದಾರಿಹೋಕ

ಎಲ್ಲರಿಗೂ ಕೃತಜ್ಞತೆಗಳು. 75 ದಾಟಿದವರೆಂದು ವೀಸಾಕ್ಕಾಗಿ ತಂದೆಯವರ ವೈದ್ಯಕೀಯ ತಪಾಸಣೆ ಕಳೆದ ವಾರವೇ ಮುಗಿದಿದೆ, ಅವರ ಮಾತ್ರೆಗಳ ಪಟ್ಟಿಯನ್ನು ವಿಮೆಯ ಅರ್ಜಿಯಲ್ಲಿ ನಾನೇ ಕೈಯಾರೆ ಬರೆದಿದ್ದೇನೆ. ನಗರದ ಹೋಟೆಲ್ ಬೇಡವೆಂದು ಮನೆಯಲ್ಲಿ ತೀರ್ಮಾನವಾಯಿತು, ತಂದೆಯವರಿಗೆ ಬೆಂಚಿನ ಕಥೆ ಓದಿ ಹೇಳಿದ್ದೇ ತಪ್ಪಾಯಿತೇನೋ. ಭಾವಮೈದುನನಿಗೆ ಫೋನ್ ಮಾಡಿ ಎಸಿ ಇದೆಯೇ ಎಂದು ಕೇಳಿದೆ, ಇದೆಯಂತೆ. ಸ್ನಾನದ ಮನೆಯ ಒಂದು ಫೋಟೋ ಕಳುಹಿಸೆಂದೆ. ಕನ್ನಡಿ, ಟವೆಲು, ಗೋಡೆಯ ಹೊಸ ಟೈಲ್ಸು ಎಲ್ಲವೂ ಕಾಣುವಂತೆ ಕಳುಹಿಸಿದ್ದಾನೆ, ನೆಲ ಮಾತ್ರ ಕಾಣುತ್ತಿಲ್ಲ. ಇನ್ನೊಮ್ಮೆ ಕೇಳಿದರೆ ತಪ್ಪು ತಿಳಿಯುತ್ತಾನೆಯೇ?

ಮಂಡ್ಯದ ಮಗಳು

ತಿಳಿದುಕೊಳ್ಳಲಿ. ಇವತ್ತೇ ಕೇಳಿ.